ಎರಡು ಕಡೆ ಹೇಳಿಟ್ಟ ನಾಯಿಮರಿ

ಯಾವುದಾದರೂ ವಸ್ತುವಿಗೆ ಒಂದೇ ಕಡೆ ಹೇಳಿ, ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂಥವರು ಇದ್ದಾರೆ. ದರ್ಜಿಗೆ ಬಟ್ಟೆ ಕೊಟ್ಟು, ಅವನು ಹೇಳಿದ ದಿನವೇ ಹೋಗಿ, ಇನ್ನೂ ಕತ್ತರಿಸಿಲ್ಲ ಎನ್ನಿಸಿಕೊಂಡು, ನಗುನಗುತ್ತಾ ವಾಪಸ್ ಬರುತ್ತಾರೆ. ನನ್ನಿಂದ ಅದು ಸಾಧ್ಯವಿಲ್ಲ. ಪೀಣ್ಯದಲ್ಲಿ ನೀರಿನ ಪಂಪ್ ತಯಾರಿಸುವ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ ಕೂತು ನನ್ನ ತಲೆಗೂದಲಿನ ಬಹುಪಾಲು ಉದುರಿದೆ. ಅದಕ್ಕೆ ಪ್ರತಿಯಾಗಿ ನಾನು ಕಲಿತ ವಿದ್ಯೆ ಒಂದೇ. ಒಂದು ಬೋಲ್ಟು ಬೇಕಾದರೂ ಇಬ್ಬರು ವೆಂಡರ್‌ಗಳಿಗೆ ಹೇಳಿರಬೇಕು. ಒಬ್ಬ ಕೈ ಕೊಟ್ಟೇ ಕೊಡುತ್ತಾನೆ, ಇನ್ನೊಬ್ಬ ಆಗ ಒದಗುತ್ತಾನೆ. ಇದನ್ನು ನಮ್ಮಲ್ಲಿ ಸೆಕೆಂಡ್ ಸೋರ್ಸ್ ಎಂದು ಗೌರವದಿಂದ ಕರೆಯುತ್ತೇವೆ.

ಪೀಣ್ಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಸೋಮವಾರ ಕೊಡುತ್ತೇನೆ ಎಂದವರನ್ನು ಯಾವ ತಿಂಗಳ ಸೋಮವಾರ ಎಂದು ಕೇಳಿಕೊಳ್ಳುವುದು ಕ್ಷೇಮ. ಮಾಲು ಎಲ್ಲಪ್ಪಾ ಎಂದರೆ, "ಪ್ಲೇಟಿಂಗ್‌ಗೆ ಹೋಗಿದೆ ಸಾರ್" ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಲೇಪ ಹಾಕುವ ಈ ಪ್ಲೇಟಿಂಗ್ ಶಾಪಿಗೆ ಹೋದ ಮಾಲು ಬಾವಿಗೆ ಬಿದ್ದ ಕೊಡದ ಹಾಗೆ, ಯಾರಾದರೂ ಇಳಿದು ಹುಡುಕುವವರೆಗೆ ಮೇಲೆ ಬರುವುದಿಲ್ಲ. ಒಮ್ಮೆ ಒಬ್ಬ ಮಹಾನುಭಾವ ರಬ್ಬರ್ ವಾಷರ್ ಕೂಡ ಪ್ಲೇಟಿಂಗ್‌ಗೆ ಹೋಗಿದೆ ಎಂದು ನನಗೆ ಹೇಳಿದ. ನಾನೂ ತಲೆಯಾಡಿಸಿ ಫೋನಿಟ್ಟೆ, ಇಟ್ಟಮೇಲೆ ಹೊಳೆಯಿತು.

ಈ ಅಭ್ಯಾಸ ನನ್ನ ಜೊತೆ ಮನೆಗೂ ಬಂದಿದೆ. ನಮಗೆ ಇಬ್ಬರು ಹಾಲಿನವರು, ಇಬ್ಬರು ಪ್ಲಂಬರ್‌ಗಳು. ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಇಬ್ಬರು ಅಡುಗೆಯವರಿಗೆ ಹೇಳಿಟ್ಟಿದ್ದೆ. ನನ್ನ ಹೆಂಡತಿ ಸುಜಾತ ಅದಕ್ಕಾಗಿ ಮಂಗಳಾರತಿ ಎತ್ತಿದಳು. ಆದರೆ ಒಬ್ಬ ಅಡುಗೆಯವನು ಫೋನನ್ನೇ ತೆಗೆಯದೆ, ಇನ್ನೊಬ್ಬ ಬಂದು ಮಾಡಿದ ಬಿಸಿಬೇಳೆಬಾತನ್ನು ಅವಳೇ ಎರಡು ಸಲ ಹಾಕಿಸಿಕೊಂಡಳು. ಹೀಗೆ ಜೀವನವಿಡೀ ನನ್ನ ಸಿದ್ಧಾಂತವೇ ಗೆಲ್ಲುತ್ತಾ ಬಂದಿದೆ. ಗೆಲ್ಲುತ್ತಾ ಬಂದಿತ್ತು ಎನ್ನಬೇಕು, ನಾಯಿಮರಿಯ ವಿಷಯ ಬರುವವರೆಗೆ.

ನಾಯಿ ಬೇಕು ಎಂದು ಮೊದಲು ಹೇಳಿದವಳು ಸುಜಾತ. ನಮ್ಮ ಲೇಔಟಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಪಲ್ಲವಿ ಪಿಯುಸಿ ಓದುತ್ತಿದ್ದಾಳೆ. ಅವಳು ಮನೆಯಲ್ಲಿದ್ದರೂ ಫೋನಿನೊಳಗೆ ಇರುತ್ತಾಳೆ. "ದಿನವೆಲ್ಲಾ ಟೀವಿಯವರ ಹತ್ರ ಮಾತಾಡ್ತೀನಿ ಕಣ್ರೀ. ನಿನ್ನೆ ಅಡುಗೆ ಕಾರ್ಯಕ್ರಮದವಳು 'ಈಗ ಉಪ್ಪು ಹಾಕಿ' ಅಂದ್ರೆ, 'ಹಾಕಿದ್ದೀನಮ್ಮಾ' ಅಂದ್ಬಿಟ್ಟೆ" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ನಾಯಿ ತರೋಣ ಎಂದು ಅಲ್ಲೇ ಮಾತು ಕೊಟ್ಟೆ.

ಅವಳಿಗೆ ಬೇಕಾದದ್ದು ಲ್ಯಾಬ್ರಡಾರ್. ಅದೂ ಅಪ್ಪ ಅಮ್ಮ ಯಾರೆಂದು ಗೊತ್ತಿರುವ, ಒಳ್ಳೆಯ ಮನೆತನದ ಲ್ಯಾಬ್ರಡಾರ್. ಬೀದಿನಾಯಿ ಎಂದರೆ ಅವಳಿಗೆ ನಡುಕ. ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ಬೆಳೆಯುವಾಗ ಒಂದು ಕರಿನಾಯಿ ಅಟ್ಟಿಸಿಕೊಂಡು ಬಂದು, ಇವಳು ಯಾರದ್ದೋ ಮನೆಯ ಕಾಂಪೌಂಡ್ ಹತ್ತಿ, ಆಮೇಲೆ ಇಳಿಯಲಾಗದೆ ಅವಳ ಅಪ್ಪನೇ ಏಣಿ ತರಬೇಕಾಯಿತಂತೆ. "ಲ್ಯಾಬ್ ಆದ್ರೆ ಕಚ್ಚಲ್ಲ. ಅಕ್ಕನ ಮನೇದು ಕಳ್ಳ ಬಂದ್ರೂ ಚಪ್ಪಲಿ ತಂದುಕೊಡುತ್ತೆ" ಎಂದಳು. ಹಾಗಾದರೆ ಅದನ್ನು ಸಾಕುವುದೇಕೆ ಎಂದು ನಾನು ಕೇಳಲಿಲ್ಲ.

ಈ ಸುದ್ದಿ ಕಿವಿಗೆ ಬಿದ್ದದ್ದೇ ಪಲ್ಲವಿ ತಾರಸಿಗೆ ನನ್ನನ್ನು ಎಳೆದುಕೊಂಡು ಹೋಗಿ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಕಂದು ಬಣ್ಣದ ಒಂದು ಬೀದಿಮರಿ. ಒಂದು ಕಿವಿ ನಿಂತಿದೆ, ಇನ್ನೊಂದು ಮಲಗಿದೆ. ನಮ್ಮೂರಿನ ಗೋಡೌನ್ ಒಂದರ ಹತ್ತಿರ ಹುಟ್ಟಿದ ಈ ಮರಿ ಯಾವಾಗಲೋ ಕಂಟೇನರ್ ಲಾರಿಯೊಳಗೆ ಹತ್ತಿ ನಿದ್ದೆ ಹೋಗಿ, ಬಾಗಿಲು ತೆಗೆದಾಗ ವೈಟ್‌ಫೀಲ್ಡ್‌ನಲ್ಲಿ ಇಳಿಯಿತಂತೆ. ಕಾಡುಗೋಡಿಯ ರೂಪಾ ಎಂಬುವವರು ಇಂಥ ಮರಿಗಳನ್ನು ಸಾಕಿ ಯೋಗ್ಯರಿಗೆ ದತ್ತು ಕೊಡುತ್ತಾರಂತೆ. "ಅಪ್ಪಾ, ಅದು ನಮ್ಮೂರ ಮರಿ. ಅದನ್ನ ಊರಿಗೆ ಕರ್ಕೊಂಡ್ ಬರೋದು ಬಿಟ್ಟು, ಅದ್ಯಾವುದೋ ಬ್ರೀಡರ್ ಹತ್ರ ಹೋಗಿ ಅಂಗಡೀಲಿ ಶರ್ಟ್ ತಗೊಂಡಂಗೆ ನಾಯಿ ತಗೊಳ್ತೀವಾ?" ಎಂದಳು. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು. ನಾನು ಅಲ್ಲೂ ಮಾತು ಕೊಟ್ಟೆ.

ಇಬ್ಬರಿಗೂ ನಾನು ಹೇಳಿದ್ದು ಒಂದೇ. "ಇನ್ನೊಬ್ಬರಿಗೆ ನಾನು ನಿಧಾನವಾಗಿ ಹೇಳಿ ಒಪ್ಪಿಸ್ತೀನಿ. ನೀನು ಬಾಯಿ ಬಿಡಬೇಡ, ಕೆಲಸ ಕೆಡುತ್ತೆ." ಇಬ್ಬರೂ ನಂಬಿ ಬಾಯಿ ಮುಚ್ಚಿಕೊಂಡರು. ಓದುಗರು ಇದನ್ನು ಹೇಡಿತನ ಎನ್ನಬಹುದು. ಪರ್ಚೇಸಿನಲ್ಲಿ ಇದನ್ನು ಯೋಜನೆ ಎನ್ನುತ್ತಾರೆ. ಲೆಕ್ಕ ಸರಳವಾಗಿತ್ತು. ಎರಡೂ ಕಡೆ ಹೇಳುವುದು. ಇಬ್ಬರಲ್ಲಿ ಒಬ್ಬರು ಕೈ ಕೊಡುವುದು ಖಂಡಿತ. ಬಂದ ಮರಿಯನ್ನು ಒಳಗೆ ಕರೆದುಕೊಂಡು, ಬಾರದ ಮರಿಯ ಕಡೆಯವರ ಮುಂದೆ ನಾನೂ ಮುಖ ಸಪ್ಪೆ ಮಾಡಿಕೊಂಡು, "ಏನ್ಮಾಡೋದು, ಅವರು ಕೈ ಕೊಟ್ರು" ಎಂದರೆ ಮುಗಿಯಿತು. ಒಬ್ಬರಿಗೆ ನಿರಾಸೆಯಾದೀತು, ಆದರೆ ನನ್ನ ಮಾತು ಸುಳ್ಳಾಗುವುದಿಲ್ಲ.

ಪಲ್ಲವಿ ಟ್ಯೂಷನ್ನಿಗೆ ಹೋಗಿದ್ದಾಗ ನಾನೂ ಸುಜಾತಳೂ ನೆಲಮಂಗಲದ ಆಚೆ ಇರುವ ಬ್ರೀಡರ್ ಲೋಕೇಶ್ ಅವರ ತೋಟಕ್ಕೆ ಹೋದೆವು. ನಾಯಿಗಳ ಕೋಣೆಗೆ ಏಸಿ ಇತ್ತು. ನಮ್ಮನ್ನು ಕೂರಿಸಿದ ವರಾಂಡಕ್ಕೆ ಇರಲಿಲ್ಲ. ಗೋಡೆಯ ತುಂಬ ಪದಕ ಹಾಕಿಕೊಂಡ ನಾಯಿಗಳ ಫೋಟೋ. ಲೋಕೇಶ್ ಒಂದು ಬೆಣ್ಣೆ ಬಣ್ಣದ ಮರಿಯನ್ನು ಎತ್ತಿ ತಂದು, ಅದರ ತಂದೆ ಯಾರು, ಅಜ್ಜ ಯಾರು, ಮುತ್ತಜ್ಜ ಯಾವ ದೇಶದಿಂದ ವಿಮಾನದಲ್ಲಿ ಬಂದ ಎಂದೆಲ್ಲಾ ಹೇಳಿದರು. ಮರಿಯ ಪೂರ್ಣ ಹೆಸರು ಪ್ರಿನ್ಸ್ ಆಫ್ ನೆಲಮಂಗಲ. ನನಗೆ ನನ್ನ ಮುತ್ತಜ್ಜನ ಹೆಸರು ಗೊತ್ತಿಲ್ಲ ಎನ್ನುವುದು ಆಗ ನೆನಪಾಗಿ ಸ್ವಲ್ಪ ಮುದುರಿ ಕೂತೆ. "ಬ್ಲಡ್‌ಲೈನ್ ನೋಡಿ ಸಾರ್, ತಲೆ ಶೇಪ್ ನೋಡಿ" ಎಂದರು. ಸುಜಾತ ತಲೆ ಶೇಪ್ ನೋಡಲಿಲ್ಲ. ಮರಿ ಅವಳ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು, ಇವಳು ಅದಕ್ಕೆ ಉಪ್ಪು ಸರಿಯಾಗಿದೆಯಾ ಎಂದು ಕೇಳುತ್ತಿದ್ದಳು. ಇಂಜೆಕ್ಷನ್ ಮುಗಿಸಿ ಮುಂದಿನ ತಿಂಗಳ ಮೊದಲ ಭಾನುವಾರ ನಾವೇ ಮನೆಗೆ ತಂದುಕೊಡುತ್ತೇವೆ ಎಂದರು ಲೋಕೇಶ್. ಇಂಥ ಭಾನುವಾರಗಳನ್ನು ನಾನು ಬಹಳ ಕಂಡಿದ್ದೇನೆ ಎಂದುಕೊಂಡು ಮುಂಗಡ ಕೊಟ್ಟೆ.

ಸುಜಾತ ಅವಳ ಅಕ್ಕನ ಮನೆಗೆ ಹೋಗಿದ್ದ ದಿನ ನಾನೂ ಪಲ್ಲವಿಯೂ ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ, ಕಾಡುಗೋಡಿಗೆ ಹೋದೆವು. ನಾಯಿ ನೋಡುವುದಕ್ಕೆ ಇಷ್ಟು ದೂರ ಹೋದವರು ನಮ್ಮ ವಂಶದಲ್ಲಿ ಇರಲಾರರು. ಅಲ್ಲಿ ಹೋದಮೇಲೆ ತಿಳಿಯಿತು, ನೋಡಲು ಬಂದವರು ನಾವಲ್ಲ, ನಮ್ಮನ್ನೇ ನೋಡಲು ಕರೆಸಿದ್ದಾರೆ ಎಂದು. ರೂಪಾ ಮೇಡಂ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಶುರುಮಾಡಿದರು. ಇಷ್ಟು ವರ್ಷ ವೆಂಡರ್‌ಗಳನ್ನು ಎದುರಿಗೆ ಕೂರಿಸಿಕೊಂಡು ನಾನು ಕೇಳುತ್ತಿದ್ದದ್ದು ಇದೇ ಧಾಟಿಯಲ್ಲಿ. ಪಾಪ, ಅವರು ಯಾಕೆ ಬೆವರು ಒರೆಸಿಕೊಳ್ಳುತ್ತಿದ್ದರು ಎಂದು ಆಗ ಅರ್ಥವಾಯಿತು.

"ಮರಿ ಸೋಫಾ ಹರಿದ್ರೆ ಏನ್ ಮಾಡ್ತೀರಾ ಸಾರ್?"

"ಸೋಫಾ ಎತ್ತಿಬಿಡ್ತೀವಿ" ಎಂದಳು ಪಲ್ಲವಿ.

"ನೀವು ಸಿಟ್ಟು ಬಂದ್ರೆ ಕೂಗಾಡ್ತೀರಾ?"

"ಮನೇಲಿ ನನಗೆ ಅಂಥ ಅವಕಾಶ ಇಲ್ಲ ಮೇಡಂ" ಎಂದೆ. ಈ ಉತ್ತರ ಅವರಿಗೆ ಬಹಳ ಹಿಡಿಸಿತು.

ಮರಿಯ ಹೆಸರು ಬೋಂಡಾ. ಅದು ಅಷ್ಟೂ ಹೊತ್ತು ನನ್ನ ಶೂ ಲೇಸನ್ನು ಬಿಚ್ಚುತ್ತಾ, ನಡುನಡುವೆ ತಲೆಯೆತ್ತಿ, ನನ್ನ ಉತ್ತರಗಳನ್ನು ಕೇಳಿಸಿಕೊಳ್ಳುತ್ತಿತ್ತು. ಕೊನೆಗೆ ನಾನೂ ಒಂದು ಪ್ರಶ್ನೆ ಕೇಳಿದೆ. "ಡೆಲಿವರಿ ಯಾವಾಗ ಮೇಡಂ?" ರೂಪಾ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದು ಮಾಲಲ್ಲ ಸಾರ್. ಬರೋ ತಿಂಗಳು ಮೊದಲ್ನೇ ಭಾನುವಾರ ನಾನೇ ಕರ್ಕೊಂಡ್ ಬಂದು, ಮನೆ ನೋಡಿ, ಸರಿ ಅನ್ಸಿದ್ರೆ ಬಿಟ್ಟು ಹೋಗ್ತೀನಿ" ಎಂದರು. ಎರಡೂ ಕಡೆಗೆ ಒಂದೇ ದಿನ ಸಿಕ್ಕಿದ್ದು ನೋಡಿ ನನಗೆ ಒಳಗೊಳಗೇ ಖುಷಿ. ಕಾರ್ಖಾನೆಯಲ್ಲೂ ನಾನು ಹೀಗೆಯೇ ಹೊಂದಿಸುತ್ತೇನೆ.

ಭಾನುವಾರ ಹತ್ತಿರ ಬಂದ ಹಾಗೆ ಮಾತ್ರ ಸಣ್ಣ ಅಳುಕು ಶುರುವಾಯಿತು. ಗುರುವಾರ ಲೋಕೇಶ್‌ಗೆ ಫೋನ್ ಮಾಡಿ, "ಏನಾದ್ರೂ ತೊಂದರೆ ಇದ್ರೆ ಮುಂದಕ್ಕೆ ಹಾಕೋಣ, ನನಗೇನೂ ಅರ್ಜೆಂಟಿಲ್ಲ" ಎಂದೆ. "ಎಲ್ಲಾ ರೆಡಿ ಸಾರ್" ಎಂದರು. ಶುಕ್ರವಾರ ರೂಪಾ ಮೇಡಂಗೆ ಮಾಡಿದೆ. "ಹತ್ತೂವರೆಗೆ ಅಲ್ಲಿರ್ತೀನಿ" ಎಂದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಹೇಳಿದ ದಿನಕ್ಕೆ ಮಾಲು ಬರಬಾರದು ಎಂದು ನಾನು ದೇವರಿಗೆ ಕೈ ಮುಗಿದದ್ದು ಅದೇ ಮೊದಲು. ಶನಿವಾರ, ಮಗಳನ್ನು ನಾನು ಒಪ್ಪಿಸಿಯಾಗಿದೆ ಎಂದುಕೊಂಡು ಹೆಂಡತಿ ಹೊಸ ಬಟ್ಟಲು ತಂದಳು. ತಾಯಿಯನ್ನು ಒಪ್ಪಿಸಿಯಾಗಿದೆ ಎಂದುಕೊಂಡು ಮಗಳೂ ಒಂದು ಬಟ್ಟಲು ತಂದಳು. ಎರಡನ್ನೂ ನೋಡಿ, "ಅಯ್ಯೋ, ನಿಮ್ಮಪ್ಪನ ಬುದ್ಧಿ ನಮಗೂ ಬಂತು ನೋಡು" ಎಂದು ತಾಯಿ ಮಗಳು ನಕ್ಕರು. ನಾನು ಕೆಮ್ಮಿದೆ.

ಹತ್ತೂವರೆಗೆ ಲೋಕೇಶ್ ಅವರ ಕಾರು ಗೇಟಿನ ಮುಂದೆ ನಿಂತಿತು. ಅದರ ಹಿಂದೆಯೇ ಒಂದು ಆಟೋ ಬಂದು ಹಾರನ್ ಹೊಡೆಯಿತು. ಅದರಲ್ಲಿ ರೂಪಾ ಮೇಡಂ ಕೂತಿದ್ದರು.

ಕಾರಿನಿಂದ ಇಳಿದ ಪ್ರಿನ್ಸ್ ಆಫ್ ನೆಲಮಂಗಲ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿತ್ತು. ಬಂದಿದ್ದೇ ಮೆಟ್ಟಿಲನ್ನು ನೋಡಿ ಹೆದರಿ ಕುಂಯ್‌ಗುಟ್ಟಿತು. ಅದರ ಮುತ್ತಜ್ಜ ವಿಮಾನದಲ್ಲಿ ಹೇಗೆ ಬಂದನೋ ದೇವರೇ ಬಲ್ಲ. ಆಟೋದಿಂದ ಹಾರಿದ ಬೋಂಡಾ ಯಾರ ಅಪ್ಪಣೆಯನ್ನೂ ಕೇಳದೆ ನೇರ ಒಳಗೆ ನಡೆದು, ಎರಡೂ ಬಟ್ಟಲುಗಳ ನೀರಿನ ರುಚಿ ನೋಡಿ, ದಿವಾನದ ಕೆಳಗೆ ಇಣುಕಿ, ದೇವರಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಮನೆ ಪಾಸಾಗಿದೆ ಎನ್ನುವಂತೆ ಬಾಲ ಅಲ್ಲಾಡಿಸಿತು. ಸುಜಾತ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಪಲ್ಲವಿ ಒಮ್ಮೆ ಬೆಣ್ಣೆ ಬಣ್ಣದ ಮರಿಯನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಳು.

"ಇದು ಯಾವ ಬ್ರೀಡ್ ಮೇಡಂ?" ಎಂದರು ಲೋಕೇಶ್, ಬೋಂಡಾವನ್ನು ನೋಡಿ.

"ಅದನ್ನ ಅದರ ಅಮ್ಮನ್ನೇ ಕೇಳ್ಬೇಕು" ಎಂದರು ರೂಪಾ ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನೀವು ಇವರ ಹತ್ರನೂ ಹೇಳಿದ್ರಾ?" ಎಂದರು. ಲೋಕೇಶ್ ಕೂಡ ಅದನ್ನೇ ಕೇಳಿದರು. ಹೆಂಡತಿ ಕುರ್ಚಿಯ ಮೇಲಿಂದಲೇ ಕೇಳಿದಳು. ಮಗಳು ಕೇಳಲಿಲ್ಲ, ಅವಳಿಗೆ ಅರ್ಥವಾಗಿತ್ತು. ಎಲ್ಲರ ಎದುರಿಗೆ ನಿಂತು ನಾನು, ಕಾಫಿ ಕುಡೀತೀರಾ ಎಂದೆ. ಇಬ್ಬರೂ ಬೇಡವೆಂದರು. ಯಾವ ಮರಿ ಬೇಡವೋ ಸಂಜೆಯೊಳಗೆ ತಿಳಿಸಿ, ವಾಪಸ್ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿ, ಎರಡನ್ನೂ ನಮ್ಮ ಹಾಲ್‌ನಲ್ಲಿ ಬಿಟ್ಟು, ಹೋಗುವಾಗ ಅವರಿಬ್ಬರೂ ಗೇಟಿನ ಹತ್ತಿರ ನಿಂತು ನನ್ನ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಬಂದ ಹಾಗೆ ಕಂಡಿತು.

ಆಮೇಲೆ ನಡೆದ ವಿಚಾರಣೆಯನ್ನು ಪೂರ್ತಿ ಹೇಳುವುದಿಲ್ಲ. ಮನೆಯಲ್ಲಿ ತಾಯಿ ಮಗಳು ಒಂದಾದದ್ದು ಎಷ್ಟೋ ದಿನದ ಮೇಲೆ. ಅದಕ್ಕೆ ಕಾರಣನಾದವನಿಗೆ ಒಂದು ಲೋಟ ಮಜ್ಜಿಗೆಯಾದರೂ ಸಿಗಬೇಕಿತ್ತು, ಸಿಗಲಿಲ್ಲ. ನಾನು ಸೆಕೆಂಡ್ ಸೋರ್ಸಿನ ತತ್ತ್ವವನ್ನು ಮೊದಲಿನಿಂದ ವಿವರಿಸಿದೆ. ಇಬ್ಬರಲ್ಲಿ ಒಬ್ಬರು ಕೈ ಕೊಡಬೇಕಿತ್ತು, ಅವರು ಕೊಡದಿದ್ದರೆ ಅದು ನನ್ನ ತಪ್ಪಲ್ಲ ಎಂದೆ. ಪಲ್ಲವಿ ಬೋಂಡಾವನ್ನು ಎದೆಗವಚಿಕೊಂಡು ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಯಾವುದು ಮೊದಲು ಹೇಳಿದ್ದು, ಯಾವುದು ಸ್ಟ್ಯಾಂಡ್‌ಬೈ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಲ್ಯಾಬ್‌ಗೆ ಮೊದಲು ಹೇಳಿದ್ದು" ಎಂದೆ. ಮಗಳ ಮುಖ ಬಾಡಿತು. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಬೋಂಡಾದ ಮಲಗಿದ ಕಿವಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಲು ನೋಡುತ್ತಾ ಕೂತಳು. ಅದು ನಿಲ್ಲಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಬೋಲ್ಟಿನ ವಿಷಯದಲ್ಲಿ ಹೀಗೆಂದೂ ಆಗಿರಲಿಲ್ಲ. ಇನ್ನು ಮಾಡುವುದೇನು, ನಿಯಮ ನಿಯಮವೇ ಎಂದುಕೊಂಡು, "ಹಾಗಾದ್ರೆ ರೂಪಾ ಮೇಡಂಗೆ ಫೋನ್ ಮಾಡ್ತೀನಿ" ಎಂದು ಎದ್ದೆ. ಪ್ರಿನ್ಸ್ ಅಷ್ಟರಲ್ಲಿ ಸುಜಾತಳ ಮಡಿಲಲ್ಲಿ ನಿದ್ದೆ ಹೋಗಿತ್ತು. ಅವಳಿಗೆ ಬೇಕಾದದ್ದು ಸಿಕ್ಕಿತ್ತು, ಅವಳಿಂದ ಆಕ್ಷೇಪಣೆ ಬರುವ ಸಂಭವವೇ ಇರಲಿಲ್ಲ.

"ಫೋನ್ ಕೆಳಗಿಡಿ" ಎಂದಳು ಸುಜಾತ.

"ಯಾಕೆ?"

"ಎರಡ್ನೇದು ಅಂತ ವಾಪಸ್ ಕಳಿಸೋಕಾಗುತ್ತಾ? ನಮ್ಮಪ್ಪ ಕಳಿಸಿದ್ರಾ?"

ನನಗೆ ಅರ್ಥವಾಗಲಿಲ್ಲ. ಅವಳ ಅಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಅವರು ಯಾವ ನಾಯಿಯನ್ನೂ ತಂದ ನೆನಪು ನನಗಿರಲಿಲ್ಲ.

"ನಾಯಿ ಅಲ್ಲಾರೀ, ನೀವು" ಎಂದಳು. "ನನ್ನ ನೋಡೋಕೆ ಬನ್ನಿ ಅಂತ ಅಪ್ಪ ರಾಜಾಜಿನಗರದವರಿಗೆ ಹೇಳಿದ್ರು. ಬೆಳಿಗ್ಗೆ ಹತ್ತು ಗಂಟೆಗೆ. ಅವರು ಬರದೇ ಹೋದ್ರೆ ಇರ್ಲಿ ಅಂತ ನಿಮಗೂ ಹೇಳಿಟ್ರು, ಸಂಜೆ ನಾಲ್ಕಕ್ಕೆ. ಅವರು ಬರ್ಲೇ ಇಲ್ಲ. ನೀವು ಮೂರೂ ಮುಕ್ಕಾಲಿಗೇ ಬಂದು ಗೇಟ್ ಹತ್ರ ನಿಂತಿದ್ರಿ."

ಪಲ್ಲವಿ ಬೋಂಡಾದ ಕಿವಿಯನ್ನು ಬಿಟ್ಟಳು.

"ಅವತ್ತು ಕೇಸರಿಬಾತ್ ಬಹಳ ಚೆನ್ನಾಗಿತ್ತು" ಎಂದೆ.

"ಬೆಳಿಗ್ಗೆ ಅವರಿಗೆ ಅಂತ ಮಾಡಿದ್ದು. ತುಪ್ಪ ಹಾಕಿ ಬಿಸಿ ಮಾಡಿ ನಿಮಗೆ ಕೊಟ್ವಿ. ನೀವು ಎರಡು ಸಲ ಹಾಕಿಸ್ಕೊಂಡ್ರಿ. ಈ ಹುಡುಗಂಗೆ ತಕರಾರಿಲ್ಲ, ಇವನೇ ಇರ್ಲಿ ಅಂತ ಅಪ್ಪ ಒಳಗೆ ಬಂದು ಹೇಳಿದ್ರು."

ತಾಯಿ ಮಗಳು ನಕ್ಕ ನಗುವಿಗೆ ಪ್ರಿನ್ಸ್ ಎಚ್ಚರವಾಗಿ ಹೆದರಿ ಅತ್ತಿತು. ಬೋಂಡಾ ಹೋಗಿ ಅದರ ಮುಖ ನೆಕ್ಕಿತು. ಸುಜಾತ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳೇ ಹೊರತು, ಎದ್ದು ಓಡಲಿಲ್ಲ. ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು, ಇನ್ನೊಂದು ಕೈಯ ಒಂದೇ ಒಂದು ಬೆರಳನ್ನು ಮುಂದೆ ಚಾಚಿ ಬೋಂಡಾದ ನೆತ್ತಿಯನ್ನು ಮುಟ್ಟಿ, ಬಿಸಿ ಹೆಂಚು ಮುಟ್ಟಿದವಳಂತೆ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ ಮುಟ್ಟಿದಳು. ಆಮೇಲೆ ಅವಳೇ ಎರಡೂ ಕಡೆ ಫೋನ್ ಮಾಡಿ, ಎರಡೂ ಇಲ್ಲೇ ಇರುತ್ತವೆ ಎಂದು ಹೇಳಿದಳು. ರೂಪಾ ಮೇಡಂ, ಮನೆಯ ಯಜಮಾನರ ಮಾತು ನಂಬಬಹುದಾ ಎಂದು ಕೇಳಿದರಂತೆ. ಸುಜಾತ, ನಾನೇ ಮಾತಾಡ್ತಿರೋದು ಎಂದಳಂತೆ.

ಸಂಜೆ ವರಾಂಡದಲ್ಲಿ ಕೂತಿದ್ದೆ. ನಾಯಿಗಳ ವಿಷಯ ಮುಗಿದಿತ್ತು, ಆದರೆ ನನ್ನ ವಿಷಯ ನನಗೆ ಮುಗಿದಿರಲಿಲ್ಲ. ಇಷ್ಟು ವರ್ಷ ನನ್ನ ನಡೆ, ನನ್ನ ನುಡಿ, ಆಗ ಇದ್ದ ನನ್ನ ಕೂದಲು, ಇವುಗಳನ್ನು ನೋಡಿ ಮಾವನವರು ಮೆಚ್ಚಿಕೊಂಡರು ಎಂದು ನಂಬಿದ್ದೆ. ಈಗ ನೋಡಿದರೆ ನಾನು ಗೆದ್ದದ್ದು ಕಾಲು ಗಂಟೆ ಮುಂಚೆ ಬಂದದ್ದಕ್ಕೆ. ಬೋಂಡಾ ಬಂದು ನನ್ನ ಕಾಲ ಬಳಿ ಮಲಗಿತು. ನಾನು ಅದರ ಬೆನ್ನು ಸವರಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಬರುವುದೂ ಒಂದು ಗುಣವೇ ಎಂದು ಅದಕ್ಕೆ ಹೇಳಿದೆ. ಒಳಗಿನಿಂದ ಸುಜಾತ ಕಾಫಿ ತಂದು ಕೊಟ್ಟಳು. ಕೇಳಬಾರದು ಎಂದುಕೊಂಡಿದ್ದೆ, ಬಾಯಿ ಕೇಳಲಿಲ್ಲ.

"ಅಲ್ವೇ, ಆಮೇಲೆ ಅವನು ಏನಾದ?"

"ಯಾರು?"

"ಅವನೇ, ರಾಜಾಜಿನಗರದವನು."

ಸುಜಾತ ಗೇಟಿನ ಕಡೆ ಒಮ್ಮೆ ನೋಡಿದಳು. "ಗೊತ್ತಿಲ್ಲ ಕಣ್ರೀ. ಬಂದ್ರೆ ಹೇಳ್ತೀನಿ" ಎಂದು ಒಳಗೆ ಹೋದಳು.